ನೈಲ್ ದಂಡೆಯ ಭೂತಗನ್ನಡಿ

ನಾಲ್ಕನೇ ತರಗತಿಯವರೆಗೆ ನಾನು ಓದಿದ್ದು ಉರ್ದು ಶಾಲೆಯಲ್ಲಿ. ನಮ್ಮ ಉಸ್ತಾದರ ಮೇಜಿನ ಖಾನೆಯಲ್ಲಿ ಹಿಡಿಕೆಯಿದ್ದ ಒಂದು ದಪ್ಪ ಗಾಜು ಇರುತ್ತಿತ್ತು. ಕಣ್ಣು ಮಂಜಾಗಿದ್ದ ಅವರು ಅದನ್ನು ಹಿಡಿದು ಓದುತ್ತಿದ್ದರು. ಅವರು ಜೊಹರ್ ನಮಾಝಿಗೆ ಹೋದ ಹೊತ್ತು ನೋಡಿಕೊಂಡು ನಾವು ಅದನ್ನು ಅಂಗಳಕ್ಕೆ ತಂದು, ಒಣಗಿದ ಬೇವಿನೆಲೆಯ ಮೇಲೆ ಬಿಸಿಲು ಕೂಡಿಸಿ ಹೊಗೆ ಎಬ್ಬಿಸುತ್ತಿದ್ದೆವು. ಉರ್ದುವಿನಲ್ಲಿ ಅದರ ಹೆಸರು ಆತಿಶಿ ಶೀಶಾ, ಅಂದರೆ ಬೆಂಕಿಯ ಗಾಜು. ಐದನೆಯ ತರಗತಿಗೆ ಕನ್ನಡ ಶಾಲೆಗೆ ಸೇರಿದ ಮೇಲೆ ಅದೇ ಗಾಜಿಗೆ ಭೂತಗನ್ನಡಿ ಎನ್ನುತ್ತಾರೆಂದು ತಿಳಿಯಿತು. ಒಂದು ಭಾಷೆಗೆ ಅದರಲ್ಲಿ ಬೆಂಕಿ ಕಂಡಿತ್ತು, ಇನ್ನೊಂದಕ್ಕೆ ಭೂತ.

ಈಜಿಪ್ಟಿನ ಹತ್ತಿ ಮತ್ತು ನೀರಾವರಿಯ ಬಗ್ಗೆ ಓದುತ್ತಿದ್ದಾಗ ಈ ಎರಡೂ ಹೆಸರುಗಳು ಒಟ್ಟಿಗೆ ನೆನಪಿಗೆ ಬಂದವು. 1913ರ ಜುಲೈ ತಿಂಗಳಲ್ಲಿ ಕೈರೋ ನಗರದ ದಕ್ಷಿಣಕ್ಕಿರುವ ಮಾದಿ ಎಂಬಲ್ಲಿ, ಸೌದೆಯಿಲ್ಲದೆ, ಕಲ್ಲಿದ್ದಲಿಲ್ಲದೆ, ಎಣ್ಣೆಯಿಲ್ಲದೆ, ಬರೀ ಬಿಸಿಲಿನಿಂದ ಓಡುವ ಒಂದು ಉಗಿಯಂತ್ರ ನೈಲ್ ನದಿಯ ನೀರನ್ನು ಎತ್ತಿ ಹೊಲಕ್ಕೆ ಹರಿಸಿತು. ಉದ್ದಿಮೆಯ ಪ್ರಮಾಣದಲ್ಲಿ ಕೆಲಸ ಮಾಡಿದ ಜಗತ್ತಿನ ಮೊದಲ ಸೌರಸ್ಥಾವರ ಎಂದು ಚರಿತ್ರೆ ಬರೆದವರು ಇದನ್ನೇ ಗುರುತಿಸುತ್ತಾರೆ. ಇದು ಪಾವಗಡದಲ್ಲಿ ನಾವು ನೋಡುವ ನೀಲಿ ಹಲಗೆಗಳಂತೆ ಬಿಸಿಲನ್ನು ನೇರವಾಗಿ ವಿದ್ಯುತ್ತಾಗಿಸುವ ವ್ಯವಸ್ಥೆಯಲ್ಲ. ಕನ್ನಡಿಗಳಿಂದ ಬಿಸಿಲು ಕೂಡಿಸಿ, ನೀರು ಕುದಿಸಿ, ಆ ಉಗಿಯಿಂದ ಪಂಪು ಓಡಿಸುವ ಯಂತ್ರ. ಆಟಿಕೆಯೂ ಅಲ್ಲ, ದೈತ್ಯವೂ ಅಲ್ಲ, ಮಧ್ಯಮ ಗಾತ್ರದ್ದು. ಒಂದೆರಡು ವರ್ಷಗಳಲ್ಲೇ ಅದನ್ನು ಬಿಚ್ಚಿ ಗುಜರಿಗೆ ಹಾಕಿದರು. ಕೆಟ್ಟುಹೋದ ಯಂತ್ರ ಗುಜರಿಗೆ ಹೋಗುವುದು ಸಹಜ. ಕೆಲಸ ಮಾಡುತ್ತಿದ್ದ ಯಂತ್ರ ಏಕೆ ಹೋಯಿತು ಎಂಬುದು ನನ್ನನ್ನು ಕಾಡಿದ ಪ್ರಶ್ನೆ.

ಮಾದಿ ಎಂಬ ಹೆಸರಿಗೆ ಅರಬ್ಬಿಯಲ್ಲಿ ದೋಣಿಗಟ್ಟೆ, ದಾಟುವ ಜಾಗ ಎಂಬ ಅರ್ಥ ಹೇಳುತ್ತಾರೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕೈರೋದಿಂದ ಹೆಲ್ವಾನಿಗೆ ಹೋಗುವ ರೈಲುಮಾರ್ಗದ ಪಕ್ಕ ಅಲ್ಲೊಂದು ಹೊಸ ಬಡಾವಣೆ ಎದ್ದಿತು. ಒಂದು ಕಡೆ ನೈಲ್, ಅದರ ಅಂಚಿಗೆ ಹಸಿರಿನ ಪಟ್ಟಿ, ಅದರಾಚೆ ಕಣ್ಣು ಹಾಯುವಷ್ಟೂ ಮರಳು. ವರ್ಷದಲ್ಲಿ ಮೋಡ ಕಾಣುವ ದಿನಗಳೇ ಕಡಿಮೆ. ಬಿಸಿಲಿನ ಯಂತ್ರ ಇಡಲು ಇದಕ್ಕಿಂತ ಒಳ್ಳೆಯ ಜಾಗ ಬೇಕಿರಲಿಲ್ಲ.

ಆದರೆ ಬಿಸಿಲಿದೆ ಎಂಬ ಒಂದೇ ಕಾರಣಕ್ಕೆ ಯಾರೂ ಬಂಡವಾಳ ಹೂಡುವುದಿಲ್ಲ. ಅಲ್ಲಿ ಹತ್ತಿ ಇತ್ತು. ಮುಹಮ್ಮದ್ ಅಲಿ ಪಾಶಾ 1820ರ ದಶಕದಲ್ಲಿ ಉದ್ದ ಎಳೆಯ ಹತ್ತಿಯನ್ನು ಬೆಳೆಸತೊಡಗಿದ ಮೇಲೆ ಈಜಿಪ್ಟಿನ ಹಣೆಬರಹವೇ ಆ ಗಿಡಕ್ಕೆ ಅಂಟಿಕೊಂಡಿತು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿನ ಹತ್ತಿ ಬರುವುದು ನಿಂತಾಗ ಲ್ಯಾಂಕಾಶೈರಿನ ಗಿರಣಿಗಳು ಈಜಿಪ್ಟಿನತ್ತ ತಿರುಗಿದವು. ನಮ್ಮ ಧಾರವಾಡ ಸೀಮೆಯ ಹತ್ತಿಗೂ ಅದೇ ಕಾಲದಲ್ಲಿ ಬೆಲೆ ಬಂತೆಂಬುದನ್ನು ಇಲ್ಲಿ ನೆನೆಯಬಹುದು. ಹತ್ತಿಯ ಹಣ ನಂಬಿ ಖದೀವ ಇಸ್ಮಾಯಿಲ್ ಕಾಲುವೆ, ರೈಲು, ಅರಮನೆಗಳಿಗೆ ಸಾಲ ಮಾಡಿದ. ಬೆಲೆ ಇಳಿಯಿತು, ಸಾಲ ಇಳಿಯಲಿಲ್ಲ. 1875ರಲ್ಲಿ ಸೂಯೆಜ್ ಕಾಲುವೆಯ ಷೇರುಗಳನ್ನು ಬ್ರಿಟಿಷ್ ಸರ್ಕಾರಕ್ಕೆ ಮಾರಬೇಕಾಯಿತು. 1882ರಲ್ಲಿ ಬ್ರಿಟಿಷ್ ಸೈನ್ಯವೇ ಬಂದು ಕುಳಿತಿತು. ಕಾಗದದ ಮೇಲೆ ದೇಶ ಉಸ್ಮಾನಿ ಖಿಲಾಫತ್ತಿನದು, ಸಿಂಹಾಸನ ಖದೀವನದು, ಅಧಿಕಾರ ಮಾತ್ರ ಲಂಡನ್ನಿನ ಪ್ರತಿನಿಧಿಯದು. ಮೊದಲ ಮಹಾಯುದ್ಧದ ಹೊಸ್ತಿಲಿನ ಹೊತ್ತಿಗೆ ದೇಶದ ರಫ್ತಿನ ಹತ್ತು ಪಾಲಿನಲ್ಲಿ ಸುಮಾರು ಒಂಬತ್ತು ಪಾಲು ಹತ್ತಿಯೇ ಆಗಿತ್ತು.

ಹತ್ತಿ ಬೇಸಿಗೆಯಲ್ಲಿ ನೀರು ಕೇಳುವ ಬೆಳೆ. ನೈಲ್ ಉಕ್ಕುವುದು ಬೇಸಿಗೆಯ ಕೊನೆಗೆ. ಸಾವಿರಾರು ವರ್ಷಗಳಿಂದ ಅಲ್ಲಿನ ರೈತ, ಅವನಿಗೆ ಫಲ್ಲಾಹ್ ಎನ್ನುತ್ತಾರೆ, ನೆರೆ ಬಂದಾಗ ನೀರು ಕಟ್ಟಿ ನಿಲ್ಲಿಸಿ, ಇಳಿದ ಮೇಲೆ ಕೆಸರಿನಲ್ಲಿ ಗೋಧಿ, ಬಾರ್ಲಿ ಬಿತ್ತುತ್ತಿದ್ದ. ಹತ್ತಿ ಬಂದ ಮೇಲೆ ನದಿ ತಳ ಹಿಡಿದಿದ್ದಾಗಲೂ ನೀರು ಎತ್ತಬೇಕಾಯಿತು. ಎತ್ತುವುದಕ್ಕೆ ಅವನ ಬಳಿ ಇದ್ದದ್ದು ಶದೂಫ್ ಮತ್ತು ಸಾಕಿಯಾ. ಶದೂಫಿನ ಚಿತ್ರ ನೋಡಿದ ನಮ್ಮ ಕಡೆಯ ಯಾರಾದರೂ ಥಟ್ಟನೆ ಇದು ನಮ್ಮ ಏತ ಅಲ್ಲವೇ ಎನ್ನುತ್ತಾರೆ. ಅದೇ ಅಡ್ಡಮರ, ಅದೇ ಹಿಂಬದಿಯ ಭಾರ, ಅದೇ ತೊಗಲಿನ ಬುಟ್ಟಿ. ಸಾಕಿಯಾ ಎತ್ತು, ಎಮ್ಮೆಗಳು ಕಣ್ಣುಕಟ್ಟಿಸಿಕೊಂಡು ಸುತ್ತುವ ನೀರಿನ ಚಕ್ರ. ಬ್ರಿಟಿಷರು 1902ರಲ್ಲಿ ಆಸ್ವಾನಿನಲ್ಲಿ ಅಣೆಕಟ್ಟು ಮುಗಿಸಿ, ಹತ್ತು ವರ್ಷದಲ್ಲಿ ಅದನ್ನು ಇನ್ನೂ ಎತ್ತರಿಸಿದರು. ಕಾಲುವೆಯಲ್ಲಿ ವರ್ಷವಿಡೀ ನೀರು ಸಿಕ್ಕರೂ ಹೊಲ ಮೇಲಿದ್ದರೆ ಪಂಪು ಬೇಕು, ಪಂಪಿಗೆ ಉಗಿ ಬೇಕು, ಉಗಿಗೆ ಕಲ್ಲಿದ್ದಲು ಬೇಕು. ಈಜಿಪ್ಟಿನಲ್ಲಿ ಆಗ ಕಲ್ಲಿದ್ದಲಿನ ಗಣಿಗಳಿರಲಿಲ್ಲ. ಬ್ರಿಟನ್ನಿನ ಗಣಿಗಳಿಂದ ಹಡಗಿನಲ್ಲಿ ಬಂದು ಅಲೆಕ್ಸಾಂಡ್ರಿಯಾದಲ್ಲಿ ಇಳಿದು ಹೊಲದ ಬದಿಗೆ ಸೇರುವಷ್ಟರಲ್ಲಿ ಅದರ ಬೆಲೆ ಹಲವು ಪಟ್ಟಾಗುತ್ತಿತ್ತು. ತಲೆಯ ಮೇಲೆ ಸುಡುವ ಸೂರ್ಯ, ಕಾಲ ಕೆಳಗೆ ದೂರದ ಮಳೆನಾಡಿನಿಂದ ಬಂದ ಕರಿಕಲ್ಲು. ಫ್ರಾಂಕ್ ಶೂಮನ್ ಎಂಬ ಅಮೆರಿಕನ್ನನ ಕಣ್ಣಿಗೆ ಬಿದ್ದದ್ದು ಈ ವಿಪರೀತವೇ.

ಶೂಮನ್‌ಗೆ ಬರುವ ಮೊದಲು ಸ್ವಲ್ಪ ಹಿಂದೆ ಹೋಗಬೇಕು. ಬಿಸಿಲು ಕೂಡಿಸುವ ಕನ್ನಡಿಯ ಗಣಿತ ಅಮೆರಿಕದಲ್ಲಿ ಹುಟ್ಟಿದ್ದಲ್ಲ. ಉಡುಗಿದ ಬಟ್ಟಲಿನಂತಿರುವ ಒಂದು ವಿಶೇಷ ಬಾಗು ಇದೆ, ನಮ್ಮ ಗಣಿತದ ಪುಸ್ತಕಗಳು ಅದನ್ನು ಪರವಲಯ ಎನ್ನುತ್ತವೆ. ಆ ಬಾಗಿನ ಕನ್ನಡಿಯನ್ನು ಸೂರ್ಯನಿಗೆ ನೇರ ಹಿಡಿದರೆ ಬಿದ್ದ ಕಿರಣಗಳೆಲ್ಲ ಒಂದೇ ಕಡೆ ಸೇರುತ್ತವೆ. ಗ್ರೀಕರಲ್ಲಿ ಡಯೊಕ್ಲಿಸ್ ಎಂಬವನು ಸುಡುವ ಕನ್ನಡಿಗಳ ಬಗ್ಗೆ ಒಂದು ಗ್ರಂಥ ಬರೆದಿದ್ದ. ಮೂಲ ಗ್ರೀಕ್ ಕಳೆದುಹೋಗಿ, ಅದು ಇಂದು ನಮಗೆ ಸಿಕ್ಕಿರುವುದು ಅರಬ್ಬಿ ಅನುವಾದದಲ್ಲಿ. ಹತ್ತನೆಯ ಶತಮಾನದ ಕೊನೆಗೆ ಬಗ್ದಾದಿನಲ್ಲಿ ಇಬ್ನ್ ಸಹ್ಲ್ ಇದೇ ವಿಷಯವನ್ನು ಗಾಜಿನ ಮಸೂರಗಳಿಗೂ ವಿಸ್ತರಿಸಿದ. ಅವನ ನಂತರ ಬಂದವನು ಬಸ್ರಾದಲ್ಲಿ ಹುಟ್ಟಿದ ಇಬ್ನುಲ್ ಹೈಸಮ್. ದೃಷ್ಟಿಶಾಸ್ತ್ರದ ಅವನ ದೊಡ್ಡ ಗ್ರಂಥ ಎಲ್ಲರಿಗೂ ಗೊತ್ತು. ಪರವಲಯದ ಸುಡುಗನ್ನಡಿಯ ಬಗ್ಗೆ ಅವನು ಬರೆದ ಪ್ರತ್ಯೇಕ ಗ್ರಂಥವೂ ಲ್ಯಾಟಿನ್ನಿಗೆ ಹೋಗಿ ಯುರೋಪಿನ ವಿದ್ವಾಂಸರ ಕೈಗೆ ಸಿಕ್ಕಿತು.

ಇಬ್ನುಲ್ ಹೈಸಮ್ ಕೈರೋಗೆ ಬಂದದ್ದು ಕನ್ನಡಿಗಾಗಿ ಅಲ್ಲ, ನೈಲ್‌ಗಾಗಿ. ನದಿಯ ಏರಿಳಿತವನ್ನು ನಿಯಂತ್ರಿಸಬಲ್ಲೆ ಎಂದು ಅವನು ಹೇಳಿದ್ದು ಫಾತಿಮಿ ಖಲೀಫ ಅಲ್ ಹಾಕಿಮನ ಕಿವಿಗೆ ಬಿದ್ದು, ಕರೆಸಿಕೊಂಡನಂತೆ. ಆಸ್ವಾನಿನ ತನಕ ಹೋಗಿ ನೋಡಿದವನಿಗೆ ಇದು ತನ್ನಿಂದಾಗದ ಕೆಲಸವೆಂದು ಅರಿವಾಯಿತು. ಖಲೀಫನ ಕೋಪಕ್ಕೆ ಹೆದರಿ ಹುಚ್ಚನಂತೆ ನಟಿಸಿ, 1021ರಲ್ಲಿ ಖಲೀಫ ಇಲ್ಲವಾಗುವವರೆಗೂ ಮನೆಯೊಳಗೇ ಉಳಿದನೆಂದು ಹಳೆಯ ಚರಿತ್ರೆಕಾರರು ಬರೆಯುತ್ತಾರೆ. ಕತೆಗಾರನಾದ ನನಗೆ ಈ ಪ್ರಸಂಗದ ಮೇಲೆ ಮೋಹವಿದೆ. ಅದು ಎಷ್ಟು ನಿಜವೋ, ಎಷ್ಟು ಕಟ್ಟಿದ್ದೋ, ನೈಲ್ ಮತ್ತು ಸುಡುಗನ್ನಡಿ ಎರಡನ್ನೂ ಒಬ್ಬನೇ ಮನುಷ್ಯ ತಲೆಯಲ್ಲಿ ಹೊತ್ತುಕೊಂಡು ಕೈರೋದ ಬೀದಿಗಳಲ್ಲಿ ಓಡಾಡಿದ್ದಂತೂ ನಿಜ. ಹೀಗೆಂದು ಮಾದಿಯ ಯಂತ್ರ ನಮ್ಮವರದೇ ಎಂದು ಎದೆ ತಟ್ಟಿಕೊಳ್ಳುವುದು ಬೇಡ. ಸುಡುಗನ್ನಡಿಯ ಗಣಿತಕ್ಕೂ ಬಾಯ್ಲರಿಗೂ ನಡುವೆ ಒಂಬೈನೂರು ವರ್ಷಗಳಿವೆ, ಆ ವರ್ಷಗಳಲ್ಲಿ ನಾವೇನು ಮಾಡುತ್ತಿದ್ದೆವು ಎಂಬ ಪ್ರಶ್ನೆಯೂ ಇದೆ.

ಉಗಿಯಂತ್ರಕ್ಕೆ ಬಿಸಿಲನ್ನು ಹೂಡಿದವರಲ್ಲಿ ದೊಡ್ಡ ಹೆಸರು ಫ್ರಾನ್ಸಿನ ಗಣಿತದ ಮೇಷ್ಟರು ಆಗಸ್ಟಿನ್ ಮೂಶೋ. ಸರ್ಕಾರ ಅವರನ್ನು ತನ್ನ ವಸಾಹತಾದ ಅಲ್ಜೀರಿಯಾಕ್ಕೆ ಕಳಿಸಿತು. 1878ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ಅವರು ದೊಡ್ಡ ಕೊಡೆಯಂಥ ಕನ್ನಡಿಯಿಂದ ಬಿಸಿಲು ಹಿಡಿದು ಮಂಜುಗಡ್ಡೆ ಮಾಡಿ ತೋರಿಸಿದರು. ಬೆಂಕಿಯಿಂದ ಮಂಜು! ಜನ ಬೆರಗಾದರು, ಪದಕ ಸಿಕ್ಕಿತು. ಅಷ್ಟರಲ್ಲಿ ಕಲ್ಲಿದ್ದಲು ಅಗ್ಗವಾಯಿತು, ಸರ್ಕಾರದ ಆಸಕ್ತಿ ಆರಿತು. ಮೂಶೋ ಬಡತನದಲ್ಲಿ ಸತ್ತದ್ದು 1912ರಲ್ಲಿ, ಮಾದಿಯಲ್ಲಿ ಕೆಲಸ ನಡೆಯುತ್ತಿದ್ದ ವರ್ಷವೇ.

ಅದೇ 1878ರಲ್ಲಿ ನಮ್ಮ ಬಾಂಬೆಯಲ್ಲೂ ಇಂಥದೊಂದು ಪ್ರಯೋಗ ನಡೆಯಿತೆಂಬುದು ಇಲ್ಲಿ ಬಹಳ ಜನಕ್ಕೆ ತಿಳಿದಿಲ್ಲ. ವಿಲಿಯಂ ಆಡಮ್ಸ್ ಎಂಬ ಇಂಗ್ಲಿಷ್ ಅಧಿಕಾರಿ ಕೊಲಾಬಾದ ತನ್ನ ಮನೆಯಂಗಳದಲ್ಲಿ ಸಾಲುಸಾಲಾಗಿ ಚಪ್ಪಟೆ ಕನ್ನಡಿಗಳನ್ನು ಅರ್ಧಚಂದ್ರಾಕಾರದಲ್ಲಿ ನಿಲ್ಲಿಸಿ, ಎಲ್ಲದರ ಬೆಳಕನ್ನೂ ಒಂದೇ ಬಾಯ್ಲರಿನ ಮೇಲೆ ಬೀಳಿಸಿ, ಎರಡೂವರೆ ಅಶ್ವಶಕ್ತಿಯ ಪಂಪು ಓಡಿಸಿದ. ಮೂಶೋನ ಬಾಗಿದ ಕನ್ನಡಿ ದುಬಾರಿ, ಚಪ್ಪಟೆ ಕನ್ನಡಿ ಯಾವ ಅಂಗಡಿಯಲ್ಲೂ ಸಿಗುತ್ತದೆ ಎಂಬುದು ಅವನ ವಾದ. ಉಷ್ಣದೇಶಗಳಲ್ಲಿ ಸೌದೆಗೆ ಬದಲು ಬಿಸಿಲು ಬಳಸುವುದರ ಬಗ್ಗೆ ಅವನೊಂದು ಪುಸ್ತಕವನ್ನೂ ಪ್ರಕಟಿಸಿದ. ಇಂದು ಬಯಲಿನಲ್ಲಿ ಸಾವಿರಾರು ಕನ್ನಡಿಗಳನ್ನು ಹರಡಿ ನಡುವಿನ ಗೋಪುರಕ್ಕೆ ಬೆಳಕು ಕೂಡಿಸುವ ಸ್ಥಾವರಗಳಿವೆಯಲ್ಲ, ಅವುಗಳ ಹಿಂದಿನ ಉಪಾಯ ಆಡಮ್ಸನದೇ. ಪುಸ್ತಕ ಉಳಿಯಿತು, ಯಂತ್ರ ಮುಂದುವರಿಯಲಿಲ್ಲ.

ಶೂಮನ್ ಇವರಿಬ್ಬರಿಗಿಂತ ಬೇರೆ ಥರದ ಮನುಷ್ಯ. 1862ರಲ್ಲಿ ಹುಟ್ಟಿದವನು, ಶಾಲೆಯ ಓದು ಹೆಚ್ಚಿರಲಿಲ್ಲ. ಗಾಜಿನೊಳಗೆ ತಂತಿಬಲೆ ಕೂಡಿಸಿ, ಒಡೆದರೂ ಚೂರುಗಳು ಸಿಡಿಯದಂಥ ಗಾಜನ್ನು ಕಂಡುಹಿಡಿದು ಅದರಿಂದ ಚೆನ್ನಾಗಿ ಸಂಪಾದಿಸಿದ್ದ. ಫಿಲಡೆಲ್ಫಿಯಾ ನಗರದ ಟ್ಯಾಕನಿ ಎಂಬಲ್ಲಿ ಅವನ ಮನೆ, ಕಾರ್ಖಾನೆ. ಅಲ್ಲಿಯೇ 1907ರಲ್ಲಿ ಗಾಜು ಮುಚ್ಚಿದ ಪೆಟ್ಟಿಗೆಗಳಲ್ಲಿ ಕಪ್ಪು ಕೊಳವೆಗಳನ್ನಿಟ್ಟು, ಕಡಿಮೆ ಶಾಖಕ್ಕೇ ಕುದಿಯುವ ಈಥರ್ ತುಂಬಿ ಒಂದು ಸಣ್ಣ ಇಂಜಿನ್ ಓಡಿಸಿ ತೋರಿಸಿದ. 1911ರಲ್ಲಿ ಅದನ್ನು ದೊಡ್ಡದು ಮಾಡಿ, ಪಕ್ಕಗಳಿಗೆ ಕನ್ನಡಿ ಜೋಡಿಸಿ, ನೀರಿನ ಉಗಿಯಿಂದಲೇ ಪಂಪು ನಡೆಸಿದ. ಅವನ ಹಠ ಒಂದೇ. ಯಂತ್ರ ಪ್ರದರ್ಶನದಲ್ಲಿ ಚಪ್ಪಾಳೆ ಗಿಟ್ಟಿಸಿದರೆ ಸಾಲದು, ಕಲ್ಲಿದ್ದಲಿನ ಯಂತ್ರದ ಎದುರು ಲೆಕ್ಕದಲ್ಲಿ ಗೆಲ್ಲಬೇಕು. ಊರಿನ ಸಾಧಾರಣ ಮೆಕ್ಯಾನಿಕ್ಕಿಗೆ ರಿಪೇರಿ ಬರಬೇಕು. ಇದಕ್ಕಾಗಿ ಹೆಚ್ಚು ಒತ್ತಡದ ಉಗಿಯ ಆಸೆಯನ್ನೇ ಬಿಟ್ಟು, ಕಡಿಮೆ ಒತ್ತಡದ ಉಗಿಯಲ್ಲಿ ಓಡುವ ಇಂಜಿನ್ನನ್ನು ತಾನೇ ರೂಪಿಸಿದ.

ಹಣ ಲಂಡನ್ನಿನಿಂದ ಬಂತು. ಪೂರ್ವ ಗೋಳಾರ್ಧಕ್ಕೆಂದೇ ಒಂದು ಸನ್ ಪವರ್ ಕಂಪನಿ ಸ್ಥಾಪನೆಯಾಯಿತು. ಆಕರ್ಮನ್ ಎಂಬ ಇಂಜಿನಿಯರ್ ಸಲಹೆಗಾರನಾದ. ಹಣ ಹಾಕಿದವರು ಶೂಮನ್ನನ ನಕ್ಷೆಯನ್ನು ಸಿ. ವಿ. ಬಾಯ್ಸ್ ಅವರಿಗೆ ತೋರಿಸಬೇಕೆಂದು ಹಟ ಹಿಡಿದರು. ಗುರುತ್ವಾಕರ್ಷಣೆಯ ಸ್ಥಿರಾಂಕವನ್ನು ಅತಿ ಸೂಕ್ಷ್ಮವಾಗಿ ಅಳೆದ, ಸೋಪಿನ ಗುಳ್ಳೆಗಳ ಬಗ್ಗೆ ಮಕ್ಕಳಿಗೂ ತಿಳಿಯುವಂತೆ ಬರೆದ ಭೌತವಿಜ್ಞಾನಿ ಅವರು. ಬಾಯ್ಸ್ ಹೇಳಿದ್ದು ಇಷ್ಟು: ಪೆಟ್ಟಿಗೆ ಬಿಡಿ, ಪರವಲಯದ ಬಾಗಿರುವ ಉದ್ದನೆಯ ಕನ್ನಡಿಗಳನ್ನು ಮಾಡಿ, ಬಾಯ್ಲರನ್ನು ಅದರ ನಡುವೆ ಉದ್ದಕ್ಕೂ ಇಡಿ. ಶೂಮನ್‌ಗೆ ಮೊದಲು ಇಷ್ಟವಾಗಲಿಲ್ಲವಾದರೂ ಕೊನೆಗೆ ಒಪ್ಪಿದ. ಹೀಗೆ ಇಬ್ನುಲ್ ಹೈಸಮ್ ಬರೆದ ಬಾಗು ಸುತ್ತಿ ಬಳಸಿ ಮತ್ತೆ ಕೈರೋಗೆ ಬಂತು.

ಐದು ಕನ್ನಡಿಗಳು. ದನಕ್ಕೆ ನೀರು ಕುಡಿಸುವ ಉದ್ದನೆಯ ಬಾನಿಯನ್ನು ಕಲ್ಪಿಸಿಕೊಳ್ಳಿ. ಅಂಥ ಒಂದೊಂದು ಬಾನಿಯೂ ಸುಮಾರು 204 ಅಡಿ ಉದ್ದ, 13 ಅಡಿ ಅಗಲ, ಒಳಗೆಲ್ಲ ಗಾಜಿನ ಕನ್ನಡಿ. ಉತ್ತರ ದಕ್ಷಿಣವಾಗಿ ಸಾಲಾಗಿ ನಿಲ್ಲಿಸಿದ ಅವು ಬೆಳಿಗ್ಗೆ ಪೂರ್ವಕ್ಕೆ ವಾಲಿ, ಸೂರ್ಯ ಏರಿದಂತೆ ತಾವೂ ಹೊರಳುತ್ತ, ಸಂಜೆಗೆ ಪಶ್ಚಿಮಕ್ಕೆ ಮುಖ ಮಾಡುತ್ತಿದ್ದವು. ಹೊರಳಿಸಲು ಆಳು ಬೇಕಿರಲಿಲ್ಲ, ಯಂತ್ರವೇ ಹೊರಳಿಸುತ್ತಿತ್ತು. ಒಂದರ ನೆರಳು ಇನ್ನೊಂದರ ಮೇಲೆ ಬೀಳದಷ್ಟು ಅಂತರ. ನಡುವೆ ಕಪ್ಪು ಬಳಿದು ಗಾಜು ಮುಚ್ಚಿದ ಉದ್ದನೆಯ ಬಾಯ್ಲರ್. ಅದರ ಉಗಿ ಕೊಳವೆಯಲ್ಲಿ ಹೋಗಿ ಇಂಜಿನ್ನನ್ನು, ಇಂಜಿನ್ ಪಂಪನ್ನು ತಿರುಗಿಸಬೇಕು.

ಮೊದಲ ಸಲ ತಿರುಗಿಸಲಿಲ್ಲ. 1912ರಲ್ಲಿ ಬಾಯ್ಲರುಗಳನ್ನು ಸತುವಿನಿಂದ ಮಾಡಿದ್ದರು. ಕನ್ನಡಿ ಕೂಡಿಸಿದ ಬಿಸಿಲಿಗೆ ಸತು ಮೆತ್ತಗಾಗಿ ಜೋತುಬಿತ್ತು. ಯಂತ್ರ ಸೋತದ್ದು ಬಿಸಿಲು ಸಾಲದೆ ಅಲ್ಲ, ಹೆಚ್ಚಾಗಿ! ಎಲ್ಲ ಕಿತ್ತು ಎರಕದ ಕಬ್ಬಿಣದ ಬಾಯ್ಲರು ಹಾಕುವುದರಲ್ಲಿ ತಿಂಗಳುಗಳೇ ಹೋದವು. 1913ರ ಬೇಸಿಗೆಯಲ್ಲಿ ಆಕರ್ಮನ್ ಅಳತೆ ಮಾಡಿದಾಗ ಯಂತ್ರ 60 ಅಶ್ವಶಕ್ತಿಯ ಆಸುಪಾಸಿನಲ್ಲಿ ಕೆಲಸ ಮಾಡುತ್ತಿತ್ತು. ನಿಮಿಷಕ್ಕೆ ಸುಮಾರು 6,000 ಗ್ಯಾಲನ್ ನೀರು. ಏತದ ಬುಟ್ಟಿಗೆ ಎಂಟು ಗ್ಯಾಲನ್ ಎಂದಿಟ್ಟುಕೊಂಡರೂ ನಿಮಿಷಕ್ಕೆ ಏಳುನೂರೈವತ್ತು ಬುಟ್ಟಿ. ಕಟ್ಟುವ ಖರ್ಚು ಕಲ್ಲಿದ್ದಲಿನ ಯಂತ್ರಕ್ಕಿಂತ ಹೆಚ್ಚು, ನಡೆಸುವ ಖರ್ಚು ತೀರಾ ಕಡಿಮೆ. ಉಳಿಯುವ ಕಲ್ಲಿದ್ದಲಿನ ಬೆಲೆಯಲ್ಲಿ ಕೆಲವೇ ವರ್ಷಗಳಲ್ಲಿ ಹಾಕಿದ ಹಣ ಬರುತ್ತದೆ ಎಂಬುದು ಶೂಮನ್ನನ ಲೆಕ್ಕ. ಆ ಲೆಕ್ಕದಲ್ಲಿ ಈಜಿಪ್ಟಿನ ಅಗ್ಗದ ಕೂಲಿಯೂ ಸೇರಿತ್ತು ಎಂಬುದನ್ನು ಮರೆಯಬಾರದು.

ಆಗ ಈಜಿಪ್ಟಿನಲ್ಲಿ ಬ್ರಿಟಿಷ್ ಪ್ರತಿನಿಧಿಯಾಗಿದ್ದವನು ಲಾರ್ಡ್ ಕಿಚನರ್. ನಮ್ಮಲ್ಲಿ 1902ರಿಂದ 1909ರವರೆಗೆ ದಂಡನಾಯಕನಾಗಿದ್ದವನು. 1898ರಲ್ಲಿ ಸುಡಾನಿನ ಓಮ್‌ಡುರ್ಮಾನ್ ಬಯಲಿನಲ್ಲಿ ಮಹ್ದಿಯ ಅನುಯಾಯಿಗಳನ್ನು ಮೆಷಿನ್‌ಗನ್ನುಗಳಿಂದ ಸಾವಿರಾರು ಸಂಖ್ಯೆಯಲ್ಲಿ ಕೊಲ್ಲಿಸಿದವನು. ಕೈರೋದಲ್ಲಿ ಇದೇ ಮನುಷ್ಯ ಐದು ಫೆದ್ದಾನ್, ಅಂದರೆ ಐದು ಎಕರೆಗಿಂತ ತುಸು ಹೆಚ್ಚು, ಅದಕ್ಕಿಂತ ಕಡಿಮೆ ಹೊಲವಿರುವ ರೈತನ ಭೂಮಿಯನ್ನು ಸಾಲಕ್ಕೆ ಜಪ್ತಿ ಮಾಡಬಾರದೆಂಬ ಕಾನೂನನ್ನೂ ತಂದ. ಮನುಷ್ಯರನ್ನು ಒಂದೇ ಬಣ್ಣದಲ್ಲಿ ಬರೆಯಲಾಗದ ಕಷ್ಟ ಇದು. ಬಿಸಿಲಿನ ಯಂತ್ರ ಕಿಚನರನಿಗೆ ಮೆಚ್ಚಿಗೆಯಾಯಿತು. ಸುಡಾನಿನಲ್ಲಿ 30,000 ಎಕರೆಯ ಹತ್ತಿ ತೋಟಕ್ಕೆ ನೀರೆತ್ತಲು ಇಂಥ ಯಂತ್ರ ಕಟ್ಟಿಕೊಡುವಂತೆ ಶೂಮನ್‌ಗೆ ಆಹ್ವಾನ ಕೊಟ್ಟ. ಜರ್ಮನಿಯೂ ಹಿಂದೆ ಬೀಳಲಿಲ್ಲ. ನೈಋತ್ಯ ಆಫ್ರಿಕಾದ ತನ್ನ ವಸಾಹತಿನಲ್ಲಿ, ಅಂದರೆ ಇಂದಿನ ನಮೀಬಿಯಾದಲ್ಲಿ, ಒಂದು ಸ್ಥಾವರ ಕಟ್ಟಲು ಹಣ ಕೊಡುವುದಾಗಿ ಮುಂದೆ ಬಂತು.

ಸೌರಶಕ್ತಿಯ ಕತೆ ಹೇಳುವವರು ಈ ಭಾಗವನ್ನು ಬಹಳ ಆಸೆಯಿಂದ ಹೇಳುತ್ತಾರೆ. ಎಂಥ ಅವಕಾಶ ತಪ್ಪಿಹೋಯಿತು ಎಂದು ಮರುಗುತ್ತಾರೆ. ನನಗೆ ಅಷ್ಟು ಸುಲಭವಾಗಿ ಮರುಗಲು ಆಗುವುದಿಲ್ಲ. ಜರ್ಮನ್ನರು ಸೂರ್ಯನನ್ನು ಕರೆಯಲು ಹೊರಟ ಆ ಮರುಭೂಮಿಯಲ್ಲಿ 1904ರಿಂದ 1908ರ ನಡುವೆ ಹೆರೆರೊ ಮತ್ತು ನಾಮಾ ಜನರನ್ನು ಅವರೇ ನೀರಿಲ್ಲದ ಕಡೆಗೆ ಅಟ್ಟಿ, ಶಿಬಿರಗಳಲ್ಲಿ ಕೂಡಿ ಹತ್ತಾರು ಸಾವಿರ ಸಂಖ್ಯೆಯಲ್ಲಿ ಸಾಯಿಸಿದ್ದರು. ಆ ನೆಲದಲ್ಲಿ ಪಂಪು ನೀರೆತ್ತಿದರೆ ಯಾರ ಹೊಲಕ್ಕೆ ಹರಿಯುತ್ತಿತ್ತು? ಸುಡಾನಿನ 30,000 ಎಕರೆಯ ಹತ್ತಿ ಯಾರ ಗಿರಣಿಗೆ ಹೋಗುತ್ತಿತ್ತು? ಮಾದಿಯ ಯಂತ್ರವೂ ಫಲ್ಲಾಹ್ ಕೇಳಿ ಮಾಡಿಸಿದ್ದಲ್ಲ. 1906ರಲ್ಲಿ ದಿನ್ಶವಾಯ್ ಎಂಬ ಹಳ್ಳಿಯಲ್ಲಿ ಊರವರ ಪಾರಿವಾಳಗಳಿಗೆ ಗುಂಡು ಹೊಡೆದ ಬ್ರಿಟಿಷ್ ಅಧಿಕಾರಿಗಳೊಂದಿಗೆ ಜಗಳವಾದುದಕ್ಕೆ ನಾಲ್ವರು ಹಳ್ಳಿಗರನ್ನು ಗಲ್ಲಿಗೇರಿಸಿದ ಆಡಳಿತವೇ ಇದನ್ನು ನಿಂತು ನೋಡಿ ಮೆಚ್ಚಿದ್ದು. ಹೊಗೆಯಿಲ್ಲದ ಯಂತ್ರವೆಂದ ಮಾತ್ರಕ್ಕೆ ಅದರ ಹಿಂದೆ ಸುಲಿಗೆ ಇರಲಿಲ್ಲವೆನ್ನಲಾಗದು.

ಹಾಗೆಂದು ಶೂಮನ್ನನ ಕನಸನ್ನು ಹಗುರ ಮಾಡಲಾರೆ. ಸಹಾರಾದಲ್ಲಿ ಇಪ್ಪತ್ತು ಸಾವಿರ ಚದರ ಮೈಲಿಯಷ್ಟು ಜಾಗದಲ್ಲಿ ಕನ್ನಡಿ ಹರಡಿದರೆ 27 ಕೋಟಿ ಅಶ್ವಶಕ್ತಿ ಸಿಗುತ್ತದೆ, ಇಡೀ ಜಗತ್ತು ಆಗ ಅಗೆದು ಸುಡುತ್ತಿದ್ದ ಇಂಧನಕ್ಕೆ ಅದು ಸಮವೆಂದು ಅವನು ಅಂದಾಜು ಮಾಡಿದ. ಕಲ್ಲಿದ್ದಲು, ಎಣ್ಣೆ ಒಂದು ದಿನ ಮುಗಿಯುವವು, ಆಮೇಲೆ ಮನುಷ್ಯ ಸೂರ್ಯನ ಬಳಿಗೇ ಬರಬೇಕು ಎಂದು ಅವನು ನೂರು ವರ್ಷಕ್ಕೂ ಹಿಂದೆ ಬರೆಯುತ್ತಿದ್ದ. ಹಾಗೆ ಹೇಳಿದ್ದು ಋಷಿಯಲ್ಲ, ಗಾಜು ಮಾರಿ ಹಣ ಮಾಡಿದ ವ್ಯಾಪಾರಿ ಎಂಬುದೇ ಅದಕ್ಕೆ ತೂಕ ತರುತ್ತದೆ.

ಮಾದಿಯಲ್ಲಿ ನೀರು ಎದ್ದ ಅದೇ ಜುಲೈ ತಿಂಗಳಲ್ಲಿ ಲಂಡನ್ನಿನ ಪಾರ್ಲಿಮೆಂಟಿನಲ್ಲಿ ಇನ್ನೊಂದು ಮಾತು ನಡೆಯಿತು. ನೌಕಾಪಡೆಯ ಮಂತ್ರಿ ವಿನ್‌ಸ್ಟನ್ ಚರ್ಚಿಲ್ 17ನೆಯ ತಾರೀಖಿನಂದು, ಯುದ್ಧನೌಕೆಗಳು ಕಲ್ಲಿದ್ದಲು ಬಿಟ್ಟು ಎಣ್ಣೆಯಲ್ಲಿ ಓಡಬೇಕು, ಆ ಎಣ್ಣೆಯ ಮೂಲ ನಮ್ಮ ಹಿಡಿತದಲ್ಲಿರಬೇಕು ಎಂದು ವಾದಿಸಿದ. 1908ರಲ್ಲಿ ಇರಾನಿನ ಮಸ್ಜಿದ್ ಸುಲೈಮಾನ್ ಎಂಬಲ್ಲಿ ಬಾವಿ ಕೊರೆದಾಗ ಎಣ್ಣೆ ಚಿಮ್ಮಿತ್ತು. 1914ರಲ್ಲಿ, ಯುದ್ಧ ಶುರುವಾಗುವ ಕೆಲವೇ ವಾರಗಳ ಮುಂಚೆ, ಅಲ್ಲಿನ ಎಣ್ಣೆ ಕಂಪನಿಯ ಅರ್ಧಕ್ಕಿಂತ ಹೆಚ್ಚು ಪಾಲನ್ನು ಬ್ರಿಟಿಷ್ ಸರ್ಕಾರವೇ ಕೊಂಡಿತು. ಮಾದಿಯ ಕನ್ನಡಿಗೂ ಚರ್ಚಿಲ್ಲನ ಭಾಷಣಕ್ಕೂ ನೇರ ಸಂಬಂಧವಿಲ್ಲ. ಒಬ್ಬರು ಇನ್ನೊಬ್ಬರನ್ನು ಸೋಲಿಸಲು ಹೊರಟಿರಲಿಲ್ಲ. ಆದರೆ ಸಾಮ್ರಾಜ್ಯಕ್ಕೆ ಬೇಕಿದ್ದುದು ಯಾವುದೆಂದು ಆ ತಿಂಗಳು ತಿಳಿಸುತ್ತದೆ. ಎಣ್ಣೆಯನ್ನು ಪೀಪಾಯಿಗೆ ತುಂಬಬಹುದು, ಹಡಗಿಗೆ ಹೇರಬಹುದು, ಬಾವಿಯ ಸುತ್ತ ಬೇಲಿ ಹಾಕಿ ಬೇರೆಯವರಿಗೆ ಸಿಗದಂತೆ ಮಾಡಬಹುದು. ಬಿಸಿಲಿಗೆ ಬೀಗ ಹಾಕಲು ಬರುವುದಿಲ್ಲ, ಅದು ಯುದ್ಧನೌಕೆಯನ್ನೂ ಓಡಿಸುವುದಿಲ್ಲ.

1914ರ ಆಗಸ್ಟಿನಲ್ಲಿ ಯುರೋಪು ಹೊತ್ತಿಕೊಂಡಿತು. ಮಾದಿಯ ಇಂಜಿನಿಯರುಗಳು ತಮ್ಮ ತಮ್ಮ ದೇಶದ ಯುದ್ಧದ ಕೆಲಸಕ್ಕೆ ಹೊರಟುಹೋದರು. ಶೂಮನ್ ಅಮೆರಿಕಕ್ಕೆ ಮರಳಿದ. ಯಂತ್ರವನ್ನು ಬಿಚ್ಚಿದರು. ಯುದ್ಧಕಾಲದಲ್ಲಿ ಕಬ್ಬಿಣಕ್ಕೆ ಬಂದ ಬೆಲೆ ಬಿಸಿಲಿಗೆ ಬರಲಿಲ್ಲ. ಡಿಸೆಂಬರಿನಲ್ಲಿ ಬ್ರಿಟನ್ ಖದೀವ ಅಬ್ಬಾಸ್ ಹಿಲ್ಮಿಯನ್ನು ಇಳಿಸಿ, ಈಜಿಪ್ಟನ್ನು ತನ್ನ ರಕ್ಷಣೆಯ ನಾಡೆಂದು ಘೋಷಿಸಿತು. ಅದೇ ಚಳಿಗಾಲ ನಮ್ಮ ಮೈಸೂರು ಲ್ಯಾನ್ಸರ್ಸ್ ಪಡೆ ಕುದುರೆಗಳ ಸಮೇತ ಹಡಗು ಇಳಿದು ಸೂಯೆಜ್ ಕಾಲುವೆಯ ಕಾವಲಿಗೆ ನಿಂತಿತು. ಮೈಸೂರು ಸೀಮೆಯ ಹುಡುಗರು ಸಿನಾಯಿಯ ಮರಳಿನಲ್ಲಿ ಉಸ್ಮಾನಿ ಸೈನ್ಯವನ್ನು ಎದುರಿಸಿದರು, 1918ರಲ್ಲಿ ಹೈಫಾ ಊರನ್ನು ಹಿಡಿಯುವಲ್ಲಿ ಭಾಗಿಯಾದರು. ಹಿಂದೂಸ್ತಾನದ ಇನ್ನೊಂದು ಸೈನ್ಯವನ್ನು ಬಸ್ರಾದತ್ತ ಕಳಿಸಿದ್ದರು. ಇರಾನಿನ ಎಣ್ಣೆಯನ್ನು ಕಾಯುವುದು ಅದರ ಕೆಲಸಗಳಲ್ಲೊಂದು. ಈಜಿಪ್ಟಿನ ಫಲ್ಲಾಹ್‌ನನ್ನು ಕೂಲಿ ಪಡೆಗೆ ಹಿಡಿದುಕೊಂಡು ಹೋದರು, ಅವನ ಒಂಟೆ, ಕತ್ತೆ, ಮೇವನ್ನು ಕಸಿದರು. 1919ರಲ್ಲಿ ಈಜಿಪ್ಟ್ ಬಂಡೆದ್ದಾಗ ಹಳ್ಳಿಗಳವರು ರೈಲು ಕಂಬಿಗಳನ್ನು ಕಿತ್ತದ್ದು ಸುಮ್ಮನೆ ಅಲ್ಲ.

ಶೂಮನ್ 1918ರ ಏಪ್ರಿಲಿನಲ್ಲಿ ತೀರಿಕೊಂಡ. ಅವನ ಯಂತ್ರವನ್ನು ಮೆಚ್ಚಿದ್ದ ಕಿಚನರ್ ಅದಕ್ಕೂ ಎರಡು ವರ್ಷ ಮುಂಚೆ ಹಡಗಿನೊಂದಿಗೆ ಸಮುದ್ರದ ಪಾಲಾಗಿದ್ದ. ಯುದ್ಧ ಮುಗಿದಾಗ ಜರ್ಮನಿಗೆ ವಸಾಹತುಗಳೇ ಉಳಿಯಲಿಲ್ಲ. ಕೆಲಸ ಮುಂದುವರಿಸಬಹುದಾಗಿದ್ದ ಎಲ್ಲರೂ ಹೀಗೆ ಬೇರೆ ಬೇರೆ ಕಾರಣಗಳಿಂದ ಇಲ್ಲವಾದರು. ಅಷ್ಟರಲ್ಲಿ ಅಗ್ಗದ ಎಣ್ಣೆ ಬಂತು, ಡೀಸೆಲ್ ಪಂಪು ಬಂತು. ಡೀಸೆಲ್ ಇಂಜಿನ್ನಿಗೆ 204 ಅಡಿ ಉದ್ದದ ಕನ್ನಡಿ ಬೇಕಿಲ್ಲ, ಗಾಡಿಯ ಮೇಲೆ ಹಾಕಿ ಒಯ್ಯಬಹುದು, ಮೋಡದ ದಿನವೂ ರಾತ್ರಿಯೂ ಓಡುತ್ತದೆ. ಇದನ್ನು ಒಪ್ಪಬೇಕು. ಆದರೆ ಎಣ್ಣೆ ಅಗ್ಗವಾಗಿತ್ತು ಎನ್ನುವಾಗ ಯಾರಿಗೆ ಅಗ್ಗ ಎಂದೂ ಕೇಳಬೇಕು. 1951ರಲ್ಲಿ ಇರಾನಿನ ಮುಸದ್ದಿಕ್ ತನ್ನ ನೆಲದ ಎಣ್ಣೆ ತನ್ನ ದೇಶದ್ದೆಂದು ಹೇಳಿದ. 1953ರಲ್ಲಿ ಬ್ರಿಟನ್ ಮತ್ತು ಅಮೆರಿಕದ ಗುಪ್ತಚರರು ಸೇರಿ ಅವನನ್ನು ಕೆಳಗಿಳಿಸಿದರು. ಆ ಲೆಕ್ಕಗಳು ಲೀಟರಿನ ಬೆಲೆಯಲ್ಲಿ ಬರುವುದಿಲ್ಲ.

ಮಾದಿಯ ಬಾನಿಗನ್ನಡಿಗಳು ಮತ್ತೆ ದೊಡ್ಡ ಪ್ರಮಾಣದಲ್ಲಿ ಕಂಡದ್ದು 1970ರ ದಶಕದ ಎಣ್ಣೆಯ ಬಿಕ್ಕಟ್ಟಿನ ನಂತರ, 1984ರಿಂದ 1990ರ ನಡುವೆ ಕ್ಯಾಲಿಫೋರ್ನಿಯಾದ ಮೊಹಾವಿ ಮರುಭೂಮಿಯಲ್ಲಿ. ಒಂಬತ್ತು ಸ್ಥಾವರಗಳು, ಒಟ್ಟು 354 ಮೆಗಾವಾಟ್. ಅದೇ ಬಾಗು, ಅದೇ ರೀತಿ ಸೂರ್ಯನ ಜೊತೆ ಹೊರಳುವ ಸಾಲು. ಬಾಯ್ಲರಿನ ಬದಲು ಎಣ್ಣೆ ತುಂಬಿದ ಕೊಳವೆ, ಪಂಪಿನ ಬದಲು ಟರ್ಬೈನು.

ಈಜಿಪ್ಟಿಗೆ ಅವು ಮರಳಿದ್ದು 2011ರಲ್ಲಿ. ಮಾದಿಯಿಂದ ನೈಲ್ ಹಿಡಿದು ಇನ್ನೂ ದಕ್ಷಿಣಕ್ಕೆ ಹೋದರೆ, ಕೈರೋದಿಂದ ಸುಮಾರು 90 ಕಿಲೋಮೀಟರ್ ದೂರದಲ್ಲಿ ಕುರೈಮಾತ್ ಎಂಬ ಊರಿದೆ. ಅಲ್ಲಿ 140 ಮೆಗಾವಾಟಿನ ಒಂದು ಸ್ಥಾವರ ಕಟ್ಟಿದರು. ಅದರಲ್ಲಿ ಕನ್ನಡಿಗಳ ಪಾಲು 20 ಮೆಗಾವಾಟ್, ಉಳಿದದ್ದು ನೈಸರ್ಗಿಕ ಅನಿಲದ್ದು. 1913ರಲ್ಲಿ ಸೂರ್ಯ ಒಬ್ಬನೇ ಇಂಜಿನ್ ಎಳೆದಿದ್ದ, ತೊಂಬತ್ತೆಂಟು ವರ್ಷಗಳ ನಂತರ ಅದೇ ನದಿಯ ದಂಡೆಯಲ್ಲಿ ಅವನು ಅನಿಲದ ಕೈಯಾಳು. ಆಸ್ವಾನಿನ ಹತ್ತಿರ ಬೆನ್ಬಾನಿನಲ್ಲಿ 2019ರ ಹೊತ್ತಿಗೆ ಸಾವಿರ ಮೆಗಾವಾಟ್ ಮೀರಿದ ಭಾರೀ ಸೌರವನವೂ ಎದ್ದಿತು. ಅದು ಹಲಗೆಗಳದ್ದು, ಅಲ್ಲಿ ಕನ್ನಡಿಗೆ ಕೆಲಸವಿಲ್ಲ. ಮಾದಿ ಈಗ ಕೈರೋದ ಸ್ಥಿತಿವಂತರ ಬಡಾವಣೆ.

ಹೊಲಕ್ಕೆ ನೀರೆತ್ತುವ ಬಿಸಿಲು ಮಾತ್ರ ಬೇರೆ ದಾರಿಯಿಂದ ಬಂತು. 2014ರಿಂದ ಈಜಿಪ್ಟ್ ಸರ್ಕಾರ ಡೀಸೆಲ್ಲಿನ ಸಬ್ಸಿಡಿಯನ್ನು ಕಡಿತ ಮಾಡುತ್ತ ಬಂದಾಗ ಪಶ್ಚಿಮದ ಮರುಭೂಮಿಯ ಓಯಸಿಸ್‌ಗಳ ರೈತರು ಸಾಲಸೋಲ ಮಾಡಿ ಸೌರ ಪಂಪು ಹಾಕಿಸಿಕೊಳ್ಳತೊಡಗಿದರು. ಈ ಸಲ ಕಿಚನರನ ಆಹ್ವಾನವಿಲ್ಲ, ಲಂಡನ್ನಿನ ಕಂಪನಿಯೂ ಇಲ್ಲ. ಪಂಪು ಎತ್ತುವುದೂ ನೈಲ್ ನೀರನ್ನಲ್ಲ, ಸಾವಿರಾರು ವರ್ಷಗಳ ಹಿಂದೆ ಸಹಾರಾದಲ್ಲಿ ಮಳೆಯಿದ್ದ ಕಾಲದಲ್ಲಿ ಕಲ್ಲಿನ ಪದರಗಳೊಳಗೆ ಇಂಗಿದ ನೀರನ್ನು. ಅದು ಮತ್ತೆ ತುಂಬುವುದಿಲ್ಲ. ಡೀಸೆಲ್ ಪಂಪನ್ನು ರೈತ ಖರ್ಚಿಗೆ ಹೆದರಿ ನಿಲ್ಲಿಸುತ್ತಿದ್ದ. ಬಿಸಿಲಿನ ಪಂಪನ್ನು ನಿಲ್ಲಿಸಲು ಅವನಿಗೆ ಕಾರಣವಿಲ್ಲ, ಹೊತ್ತು ಮುಳುಗುವವರೆಗೂ ಓಡುತ್ತದೆ.